ಎಂಟು ಪದರಿನ ಹೊಲಿಗೆ

ಲಿಂಗಂಪಲ್ಲಿ
೨೦ ನವೆಂಬರ್ ೨೦೨೪

ಅತ್ತೆಯವರ ಪಾದಗಳಿಗೆ ನೇತ್ರಾಳ ನಮಸ್ಕಾರಗಳು.

ಲಿಂಗಂಪಲ್ಲಿಯಿಂದ ಶಂಶಾಬಾದಿಗೆ ಕಾಗದವೇಕೆ, ಫೋನು ಸತ್ತಿದೆಯೇ ಎಂದು ನೀವು ಕೇಳಿಯೇ ಕೇಳುತ್ತೀರಿ. ಫೋನು ಮಾಡಿದರೆ ದೀಪ್ತಿ ಅದನ್ನು ಸ್ಪೀಕರಿಗೆ ಹಾಕಿ ನಿಮ್ಮ ಮುಂದೆ ಇಡುತ್ತಾಳೆ. ಅತ್ತೆ ಸೊಸೆಯ ಮಾತು ನಾದಿನಿಯ ಮನೆಗೆಲ್ಲ ಕೇಳುತ್ತದೆ. ಇದನ್ನು ನೀವೇ ಓದಬೇಕು. ಕಣ್ಣು ಕಾಣುವುದಿಲ್ಲವೆಂದು ಮಗಳ ಕೈಗೆ ಕೊಡಬೇಡಿ.

ಮೊದಲು ಸುಲಭದ ವಿಷಯ. ಮಾದಾಪುರದಲ್ಲಿ ಅಂಗಡಿ ಇಟ್ಟಿರುವ ಶುಭಾ ಅವರಿಗೆ ನಮ್ಮ ಜೀನ್ಸ್ ಬ್ಯಾಗುಗಳು ಹಿಡಿಸಿವೆ. ಮೂವತ್ತು ಬೇಕಂತೆ, ಆದರೆ ತಳಕ್ಕೂ ಹಿಡಿಕೆಗೂ ಚರ್ಮ ಇರಬೇಕಂತೆ. ಅದಕ್ಕೆ ಬೇರೆ ಮಷೀನೇ ಬೇಕು. ಶನಿವಾರ ನಾನೂ ನಿಮ್ಮ ಮಗನೂ ಸಿಕಂದರಾಬಾದಿಗೆ ಹೋಗಿದ್ದೆವು. ‘ಅಂಗಡ್ಯಾಂವ ಕೊಟ್ಟ ಚಿಂದಿ ಮ್ಯಾಲೆ ಎಲ್ಲಾ ಮಷೀನೂ ಛಲೋನ ಹೊಲೀತಾವ’ ಎಂದು ನೀವು ಹೇಳುತ್ತಿದ್ದಿರಲ್ಲ, ಅದಕ್ಕೇ ನಮ್ಮ ಜೀನ್ಸನ್ನೂ ಚರ್ಮದ ತುಂಡನ್ನೂ ಒಯ್ದಿದ್ದೆ.

ಮೊದಲನೆಯದು ಪುಟ್ಟ ಬಿಳಿ ಮಷೀನು. ನಲವತ್ತು ಥರದ ಹೂವು ಹೊಲಿಯುತ್ತದೆ. ಹಿಡಿಕೆ ಸೇರುವಲ್ಲಿ ಎಂಟು ಪದರು ಬಂದದ್ದೇ ಗುಂಯ್ ಎಂದು ನಿಂತುಬಿಟ್ಟಿತು. ಎರಡನೆಯದು ಗಾರ್ಮೆಂಟ್ ಫ್ಯಾಕ್ಟರಿಯದು. ಪೆಡಲಿಗೆ ಕಾಲು ತಾಗಿಸಿದ್ದಷ್ಟೇ, ಅದು ಮುಂದೆ ಓಡಿತ್ತು, ನನ್ನ ಕೈ ಹಿಂದೆ ಉಳಿದಿತ್ತು. ಮೇಲಿನ ಚರ್ಮ ಅರ್ಧ ಬೆರಳು ಜಾರಿತ್ತು. ಮೂರನೆಯದು ನಿಧಾನ, ಭಾರ. ಅದರಲ್ಲಿ ಬಟ್ಟೆ ಎಳೆಯುವ ಕೆಳಗಿನ ಹಲ್ಲಿನ ಜೊತೆಗೆ ಅದನ್ನು ಒತ್ತಿ ಹಿಡಿಯುವ ಮೇಲಿನ ಪಾದವೂ ಹೆಜ್ಜೆ ಹಾಕುತ್ತದೆ, ಹೀಗಾಗಿ ಯಾವ ಪದರೂ ಜಾರುವುದಿಲ್ಲ. ಎಂಟು ಪದರನ್ನು ಏನೂ ಆಗಿಲ್ಲವೆಂಬಂತೆ ದಾಟಿತು. ನನಗೆ ಅದೇ ಬೇಕೆನಿಸಿತು.

ಅಂಗಡಿಯ ಹಿರಿಯ ಮೇಸ್ತ್ರಿ, ಈವರೆಗೆ ಯಾವುದರಲ್ಲಿ ಹೊಲಿಯುತ್ತಿದ್ದಿರಿ ಎಂದು ಕೇಳಿದ. ಕಾಲನಿಯವರೆಲ್ಲ ಜಯಮ್ಮನ ಮಷೀನು ಎನ್ನುವ ನಿಮ್ಮ ಕರಿ ಮಷೀನಿನ ಫೋಟೋ ತೋರಿಸಿದೆ. ಖಂಡೇನವಮಿಯ ಪೂಜೆಯ ಕುಂಕುಮ ಅದರ ಮೇಲೆ ಇನ್ನೂ ಹಾಗೇ ಇತ್ತು. ಈಗ ಹೊಲಿಗೆಯ ನಡುವೆ ಟಾಕು ಬಿಡುತ್ತಿದೆ, ಸೂಜಿಯೂ ಮುರಿಯಿತು ಎಂದೆ. ಇದಕ್ಕೆ ಚರ್ಮ ಹಾಕಿದ್ದಿರಾ ಎಂದು ತೆಲುಗಿನಲ್ಲಿ ಒಂದೇ ಪ್ರಶ್ನೆ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ನಿಮ್ಮ ಮಗ, ಅದು ಪೂಜೆಯ ಮಷೀನು, ನಮ್ಮ ಅವ್ವ ಅದರ ಹತ್ತಿರ ಚರ್ಮದ ಬೆಲ್ಟನ್ನೂ ಇಡಗೊಡುವುದಿಲ್ಲ ಎಂದರು. ನಾನು ಫೋನನ್ನು ಬ್ಯಾಗಿಗೆ ಹಾಕಿಕೊಂಡೆ. ಲೋಕಲ್ ರೈಲಿನಲ್ಲಿ ಮನೆ ಮುಟ್ಟುವತನಕ ಅವರದು ಒಂದೇ ಮಾತು, ಪಾಪ ಅವ್ವನ ಕೈಗೆ ವಯಸ್ಸಾಯಿತು ಎಂದು.

ಈಗ ಕಷ್ಟದ ವಿಷಯ. ನೀವು ಮಠಕ್ಕೆ ಹೋಗಿದ್ದ ಆ ಗುರುವಾರ ನಾನು ಆ ಮಷೀನಿನಲ್ಲಿ ಚರ್ಮ ಹೊಲಿದೆ. ಶುಭಾ ಅವರಿಗೆ ಮರುದಿನವೇ ಮಾದರಿ ತೋರಿಸಬೇಕಿತ್ತು. ಎರಡನೆಯ ಹಿಡಿಕೆಗೆ ಚಕ್ರ ಕಚ್ಚಿಕೊಂಡಿತು. ನಿಲ್ಲಿಸುವ ಬದಲು ಬಲ ಹಾಕಿ ತಿರುಗಿಸಿದೆ, ಒಳಗೆ ಏನೋ ಕಟ್ ಎಂದಿತು. ಚರ್ಮದ ವಾಸನೆ ಹೋಗಲೆಂದು ಎರಡು ಊದಿನಕಡ್ಡಿ ಹಚ್ಚಿಟ್ಟೆ. ಇಷ್ಟು ಹೊತ್ತಿಗೇ ಊದಿನಕಡ್ಡಿ ಯಾಕೆ ಎಂದು ನೀವು ಕೇಳಿದ್ದಿರಿ ಕೂಡ.

ಮರುದಿನ ನೀವು ಪಿಂಕಿಯ ಲಂಗ ಹೊಲಿಯಲು ಕೂತಿರಿ. ಹತ್ತು ಟಾಕು ಹಾಕುವಷ್ಟರಲ್ಲಿ ಸೂಜಿ ಮುರಿಯಿತು. ಮೊಮ್ಮಗಳ ಕಾಲಿಗೆ ಚುಚ್ಚೀತೆಂದು ಮೊಣಕಾಲೂರಿ ಮುರಿದ ತುದಿಗಾಗಿ ಅರ್ಧ ತಾಸು ಹುಡುಕಿದಿರಿ. ಸಿಗಲಿಲ್ಲ. ‘ಸೂಜಿ ಕಾಣವಲ್ದು ಅಂದ್ರ ಇನ್ನ ಹೊಲಿಗಿ ಎಲ್ಲೀದು ನೇತ್ರಾ, ನನ್ನ ಕೈ ಮುಗೀತು’ ಎಂದು ಮಷೀನಿಗೆ ಹಳೆಯ ಸೀರೆ ಹೊದಿಸಿ ಎದ್ದಿರಿ. ಆಗಲಾದರೂ ನಾನು ಹೇಳಬೇಕಿತ್ತು. ‘ವಯಸ್ಸಾತಲ್ರಿ ಅತ್ತಿ, ಆರಾಮ ತಗೋರಿ’ ಎಂದೆ. ಅದೇ ವಾರ ನೀವು ದೀಪ್ತಿಯ ಮನೆಗೆ ಹೋದಿರಿ.

ನಿಮ್ಮ ಕೈಯದು ಏನೂ ತಪ್ಪಿಲ್ಲ. ಕೆಡಿಸಿದವಳು ನಾನು. ನಿನ್ನೆ ಮೇಸ್ತ್ರಿ ಮನೆಗೆ ಬಂದು ರಿಪೇರಿ ಮಾಡಿದ, ಈಗ ಮೊದಲಿನಂತೆ ಹೊಲಿಯುತ್ತಿದೆ. ಸಂಜೆ ನಿಮ್ಮ ಮಗನಿಗೆ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಇವತ್ತು ಚಹಾ ಕುಡಿದು ಏಳುವಾಗ ‘ಅವ್ವಗ ನೀನ ಹೇಳು’ ಎಂದಷ್ಟೇ ಅಂದರು.

ಮೂರನೆಯ ಮಷೀನನ್ನು ಇನ್ನೂ ತಂದಿಲ್ಲ. ತಂದರೆ ಬಾಲ್ಕನಿಯಲ್ಲಿಡುತ್ತೇನೆ, ಚರ್ಮ ಒಳಗೆ ಬರುವುದಿಲ್ಲ, ಕರಿ ಮಷೀನಿಗೆ ಬಟ್ಟೆ ಬಿಟ್ಟು ಬೇರೇನೂ ತಾಗುವುದಿಲ್ಲ. ಚರ್ಮವೇ ಬೇಡವೆಂದರೆ ಶುಭಾ ಅವರಿಗೆ ಆಗದು ಎಂದುಬಿಡುತ್ತೇನೆ. ಬನ್ನಿ, ಅಂಗಡಿಯಲ್ಲೇ ಅದರ ಮುಂದೆ ಒಮ್ಮೆ ಕೂತು ಹೊಲಿದು ನೋಡಿ ನೀವೇ ಹೇಳಿ. ಮಷೀನು ಎಂಟು ಪದರು ದಾಟುತ್ತದೆ ನಿಜ, ಹಿಡಿಕೆಯ ಮೂಲೆಯಲ್ಲಿ ಸಾಲು ಸೊಟ್ಟಾಗದಂತೆ ತಿರುಗಿಸಲು ನನಗೆ ಇನ್ನೂ ಬರುವುದಿಲ್ಲ. ನನ್ನ ಮೇಲಿನ ಸಿಟ್ಟು ಎಷ್ಟು ದಿನ ಬೇಕಾದರೂ ಇರಲಿ. ಕೈ ಮುಗಿಯಿತು ಎಂದು ಮಾತ್ರ ಅನ್ನಬೇಡಿ.

ಬೇಕೆಂದೇ ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ. ಇಲ್ಲಿಯವರೆಗೆ ಓದಿದ್ದೀರೆಂದರೆ ಕಣ್ಣಿಗೂ ಏನೂ ಆಗಿಲ್ಲ.

ನಿಮ್ಮ ಸೊಸೆ
ನೇತ್ರಾ

ತಾ.ಕ.: ಈ ಕಾಗದದ ಕೆಳಗಿನ ಮಡಿಕೆಯಲ್ಲಿ ಟೇಪು ಹಚ್ಚಿ ಆ ಸೂಜಿಯ ತುದಿ ಇಟ್ಟಿದ್ದೇನೆ, ಜೋಪಾನವಾಗಿ ತೆಗೆಯಿರಿ. ಅದು ಉಳಿಯ ಬಾಯಿಯಂತೆ ಚಪ್ಪಟೆ ಇದೆ, ಚರ್ಮದ ಸೂಜಿ. ಬದಲಿಸಲು ಮರೆತಿದ್ದೆ, ನೀವು ನೋಡಿದ್ದರೆ ಗುರುತು ಹಿಡಿಯುತ್ತಿದ್ದಿರಿ. ನೀವು ನೆಲದ ಮೇಲೆ ಕೈಯಾಡಿಸಿ ಹುಡುಕುತ್ತಿದ್ದ ಅಷ್ಟು ಹೊತ್ತೂ ಅದು ನನ್ನ ಮುಷ್ಟಿಯಲ್ಲಿತ್ತು.