ಹನ್ನೆರಡು ಹಾಸಿಗೆಯ ವಾರ್ಡು

ಮಾರ್ಚ್ ೯

ಪ್ರೀತಿಯ ಗುಬ್ಬಿಗೆ,

‘ಪ್ರೀತಿಯ’ ಎಂದು ಬರೆಯುವ ಮನಸ್ಸಿರಲಿಲ್ಲ. ಇಷ್ಟು ವರ್ಷದ ರೂಢಿ, ಕೈ ತಾನಾಗಿ ಬರೆದುಬಿಟ್ಟಿತು. ಎದುರಿಗೆ ಮಾತಾಡಿದರೆ ನೀನು ಅಳುತ್ತೀಯ, ನಾನು ಕರಗಿಬಿಡುತ್ತೇನೆ. ಅದಕ್ಕೇ ಕಾಗದ.

ನಿನ್ನ ಲೇಖನ ಓದಿದೆ. ಆಸ್ಪತ್ರೆಗಳು ಬಿಗ್ ಡೇಟಾಗೆ, ಅಂದರೆ ಕಂಪ್ಯೂಟರಿನ ಅಂಕಿಅಂಶಗಳ ರಾಶಿಗೆ, ಏಕೆ ಒಗ್ಗಿಕೊಳ್ಳುತ್ತಿಲ್ಲ ಎಂಬ ನಿನ್ನ ಸಂಶೋಧನೆ. ನೀನು ಕಳಿಸಿ ಓದಿದ್ದಲ್ಲ. ನಮ್ಮ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಕರೆದು ನನ್ನ ಮುಂದೆ ಇಟ್ಟರು. ಏಳನೇ ಪುಟದಲ್ಲಿ ಪೆನ್ಸಿಲ್ ಗೆರೆ. ಹನ್ನೆರಡು ಹಾಸಿಗೆಯ ಒಂದು ಮಕ್ಕಳ ವಾರ್ಡಿನಲ್ಲಿ ಜ್ವರ, ನಾಡಿಯ ಅಂಕಿಗಳನ್ನು ಪಾಳಿಯ ಕೊನೆಗೆ ಅಂದಾಜಿನಿಂದ ಕಂಪ್ಯೂಟರಿಗೆ ತುಂಬುತ್ತಾರೆ ಎಂದು ಬರೆದಿದ್ದೀಯ. ಈ ಊರಲ್ಲಿ ಅಂಥ ವಾರ್ಡು ಎಷ್ಟಿವೆ ಗುಬ್ಬಿ? ನನ್ನದೊಂದೇ.

ಆ ಭಾನುವಾರ ನನ್ನ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತ ಕೂತಿದ್ದೆ ನೀನು. ನೀನು ಕೇಳಿದ ನನ್ನಂಥ ದಾದಿಯರೆಲ್ಲ ಹೊಸ ಕಂಪ್ಯೂಟರ್ ವ್ಯವಸ್ಥೆ ಬಹಳ ಚೆನ್ನಾಗಿದೆ ಎಂದು ಗಿಳಿಪಾಠ ಒಪ್ಪಿಸುತ್ತಾರೆ, ಪಿಎಚ್‌ಡಿ ಗೈಡ್ ಬೈಯುತ್ತಾರೆ ಎಂದು ಮುಖ ಸಣ್ಣ ಮಾಡಿಕೊಂಡಿದ್ದೆ. ನನಗೆ ಪಾಪ ಎನಿಸಿತು. ಕಂಪ್ಯೂಟರಿನಲ್ಲಿ ಒಂದು ಪುಟ ತೆರೆಯುವಷ್ಟರಲ್ಲಿ ಮೂರು ಮಕ್ಕಳು ವಾಂತಿ ಮಾಡಿರುತ್ತವೆ, ಅದಕ್ಕೇ ಅಂಕಿಗಳನ್ನು ಅಂಗೈ ಮೇಲೆ ಬರೆದುಕೊಂಡು ಕೊನೆಗೆ ತುಂಬುತ್ತೇವೆ ಎಂದೆ. ನೀನು ರೆಕಾರ್ಡರ್ ನಿಲ್ಲಿಸಿ ನನ್ನ ಕೈ ಹಿಡಿದುಕೊಂಡೆ.

“ಇದನ್ನ ಬರೆಯಲ್ಲ ಅಕ್ಕಾ. ನಂಗೆ ಅರ್ಥ ಆಗ್ಲಿ ಅಂತ ಕೇಳಿದೆ, ಅಷ್ಟೇ.”

ಬರೆದದ್ದಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಅಂಗೈ ಮೇಲೆ ಬರೆದುಕೊಳ್ಳುತ್ತೇವೆ ಎಂದವಳು ನಾನು. ‘ಅಂದಾಜು’ ಎಂದವಳು ನೀನು. ಹಾಗೆಂದರೆ ನಿನ್ನ ವಾದಕ್ಕೆ ತೂಕ ಬರುತ್ತದಲ್ಲವೆ? ನಿನಗೆ ಅಕ್ಷರ ತಿದ್ದಿಸಿದವಳು ನಾನು. ಒಂದು ಪದ ಬದಲಾದರೆ ಏನಾಗುತ್ತದೆ ಎಂದು ನಿನಗೆ ಗೊತ್ತಿಲ್ಲ ಎಂದು ಹೇಗೆ ನಂಬಲಿ?

ವಿಚಾರಣೆ ನಡೆಯಿತು. ಯಾರು ತುಂಬಿದರೆಂದು ಕಂಪ್ಯೂಟರು ಹೆಸರು ಇಟ್ಟುಕೊಳ್ಳುತ್ತದೆ. ನಮ್ಮಲ್ಲಿ ಬೆರಳು ಚುರುಕಾದವಳು ಹೊಸದಾಗಿ ಸೇರಿದ ನರ್ಸ್. ಎಲ್ಲರ ಅಂಕಿಗಳನ್ನೂ ಅವಳ ಕೈಲೇ ತುಂಬಿಸುತ್ತಿದ್ದೆವು. ಎಲ್ಲ ಕಡೆ ಅವಳದೇ ಹೆಸರು. ಅವಳನ್ನು ತೆಗೆದುಹಾಕಿದರು. ಸಮವಸ್ತ್ರ ಮಡಚಿಟ್ಟು ಬಂದು ನನ್ನ ಮುಂದೆ ನಿಂತಳು.

“ನೀವು ಹೇಳಿದ ಹಾಗೇ ತಾನೇ ಮಾಡಿದ್ದು, ಸಿಸ್ಟರ್?”

ನಾನು ಏನೋ ಒಂದು ಹೇಳಿ ಕಳಿಸಿದೆ.

ನೀನು ಮಾಡಬೇಕಾದದ್ದು ಒಂದೇ. ಲೇಖನ ಅಚ್ಚು ಹಾಕಿದವರಿಗೆ ಆ ಪದ ಸುಳ್ಳು ಎಂದು ನಿನ್ನ ಹೆಸರಿನಲ್ಲೇ ಬರೆ. ನಿನ್ನ ಪದವಿಗೆ ಪೆಟ್ಟು ಬೀಳಬಹುದು. ಬೀಳಲಿ. ಅದು ಆಗುವವರೆಗೆ ನನ್ನ ಮನೆಗೆ ಬರಬೇಡ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ವಿಚಾರಣೆಯ ದಿನ ಆ ಹುಡುಗಿಯ ಎದುರಿಗೇ ಸೂಪರಿಂಟೆಂಡೆಂಟ್ ನನ್ನನ್ನು ಕೇಳಿದ್ದರು, ಇದೆಲ್ಲ ನಿಮಗೆ ಗೊತ್ತಿತ್ತೇ ಎಂದು. ನನಗೆ ಗೊತ್ತಿರಲಿಲ್ಲ ಎಂದುಬಿಟ್ಟೆ. ನಿನ್ನೆ ಹೋಗಿ ನಿಜ ಬರೆದುಕೊಟ್ಟೆ. ಅವಳನ್ನು ಮತ್ತೆ ಕರೆಯುತ್ತಾರಂತೆ. ನನ್ನನ್ನು ಅಮಾನತು ಮಾಡಿದ್ದಾರೆ. ಸಂಜೆ ಅವಳ ಮನೆಗೆ ಹೋದೆ. ಬಾಗಿಲು ತೆಗೆದವರು ಅವಳ ಅಮ್ಮ. ಮಗಳಿಗೆ ನನ್ನ ಮುಖ ನೋಡುವ ಮನಸ್ಸಿಲ್ಲವೆಂದು ಬಹಳ ಮರ್ಯಾದೆಯಿಂದಲೇ ಹೇಳಿದರು.