ಎಲ್ಲ ದೇವರಿಗೂ ಹೇಳಿ ಬಾ

ಏಪ್ರಿಲ್ 29, ಕ್ಯೋಟೋ

ಮತ್ತೆ ಕೈ ತೊಳೆದೆ. ಎಡಗೈ, ಬಲಗೈ, ಬಾಯಿ. ಬೆಳಿಗ್ಗೆಯಿಂದ ಎಷ್ಟು ಗುಡಿ ಸುತ್ತಿದೆನೋ. ಯಾವುದೂ ನಾನು ಹೋಗಬೇಕಾಗಿದ್ದ ಗುಡಿಯಲ್ಲ. ಧೈರ್ಯ ಬರಲಿ ಅಂತ ಸುತ್ತಿದ್ದು. ಕೆಂಪು ಕಮಾನು, ಪಾಚಿಗಟ್ಟಿದ ಮೆಟ್ಟಿಲು, ಇನ್ನೊಂದು ಕಮಾನು. ಫೋಟೊ ಬೇರೆ ತೆಗೆದೆ, ಯಾವ ಚಿಂತೆಯೂ ಇಲ್ಲದವಳ ಹಾಗೆ.

ಕೈ ತೊಳೆಯುವ ತೊಟ್ಟಿಯ ಹತ್ತಿರ ಒಬ್ಬ ತಾತ ಮರದ ಸೌಟು ಹಿಡಿದು "ಲೆಫ್ಟ್, ಲೆಫ್ಟ್" ಅಂತ ನನಗೆ ಕಲಿಸಿದ. ಅಪ್ಪ ಇಂಗ್ಲೆಂಡಿನವನು; ಅವನ ಮೂಗು, ಅವನ ಕೂದಲು ನನಗೆ. ಅಮ್ಮನಿಂದ ಬಂದದ್ದು ಕಣ್ಣು ಮಾತ್ರ, ಅದರ ಮೇಲೆ ಕನ್ನಡಕ. ಹುಟ್ಟಿದ್ದು ಇಲ್ಲಿ, ಬೆಳೆದದ್ದು ಇಲ್ಲಿ — ಕೋಬೆಯ ಬೆಟ್ಟದ ಮೇಲಿನ ಹಾಸ್ಟೆಲ್ ಶಾಲೆಯಲ್ಲಿ. "ನನಗೆ ಗೊತ್ತು ತಾತ" ಅನ್ನಬಹುದಿತ್ತು. "ಥ್ಯಾಂಕ್ಯೂ" ಅಂದೆ. ಸುಲಭ ಅದು.

ಅಜ್ಜಿ ಫೋನಿನಲ್ಲಿ ಹೇಳಿದ್ದು: "ಹೊನೊ, ನಿನ್ನ ಪರೀಕ್ಷೆಗೆ ಅಂತ ಎರಡು ಕಡೆ ಬೇಡ್ಕೊಂಡಿದ್ದೆ ಕಣೇ. ಕ್ಯೋಟೋದಲ್ಲಿ ವಿದ್ಯೆಯ ದೇವರ ಹತ್ರ, ನಾರಾದಲ್ಲಿ ಮಂಜುಶ್ರೀ ಬೋಧಿಸತ್ವನ ಹತ್ರ. ಈ ಮಂಡಿ ಸರಿಯಿದ್ದಿದ್ರೆ ನಾನೇ ಹೋಗ್ತಿದ್ದೆ. ಬೇಡ್ಕೊಂಡ ಮೇಲೆ ಏನಾಯ್ತು ಅಂತ ಹೇಳದೆ ಇರಬಾರ್ದು. ರಜೆ ಇದೆಯಲ್ಲ, ಎಲ್ಲ ದೇವರಿಗೂ ಹೇಳಿ ಬಾ. ಆಮೇಲೆ ಉಜಿಗೆ, ಮನೆಗೆ ಬಾ. ಹೊಸ ಚಹಾ ಬಂದಿರುತ್ತೆ."

ಏನಾಯಿತು ಅಂದರೆ, ಫೇಲಾದೆ.

ಮಾರ್ಚಿನಲ್ಲಿ ಫಲಿತಾಂಶ ಬಂದ ದಿನ ಅಜ್ಜಿಯೇ ಫೋನ್ ಮಾಡಿದಳು. "ಆಯ್ತಾ?" ಅಂದಳು. ಮುಂದಕ್ಕೆ ಏನೂ ಕೇಳಲಿಲ್ಲ. ಉಸಿರು ಹಿಡಿದುಕೊಂಡದ್ದು ಕೇಳಿಸಿತು. "ಆಯ್ತು" ಅಂದುಬಿಟ್ಟೆ. ಈಗ ನಾನು ಇರುವುದು ಓಸಾಕದಲ್ಲಿ, ಫೀಸು ಕಟ್ಟಿದರೆ ಸಾಕು ಸೀಟು ಕೊಡುವ ಒಂದು ಕಾಲೇಜಿನಲ್ಲಿ. ಅಜ್ಜಿಯ ಲೆಕ್ಕದಲ್ಲಿ ಕ್ಯೋಟೋದ ದೊಡ್ಡ ಯೂನಿವರ್ಸಿಟಿಯಲ್ಲಿದ್ದೇನೆ. ಪಾರ್ಸೆಲ್ ಕಳಿಸ್ತೀನಿ, ಅಡ್ರೆಸ್ ಕೊಡು ಅಂದಳು. ನಮ್ಮ ಹಾಸ್ಟೆಲ್‌ನಲ್ಲಿ ಪಾರ್ಸೆಲ್ ತಗೊಳ್ಳಲ್ಲ ಅಜ್ಜಿ ಅಂದೆ. ಇನ್ನೊಂದು ಸಲ ಕೇಳಿದಾಗಲೂ ಅದೇ ಅಂದೆ. ಆಮೇಲೆ ಕೇಳಲಿಲ್ಲ.

ಅಪ್ಪನ ಜೊತೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಅಮ್ಮ, ಫೋನಿನಲ್ಲಿ: "ಅಜ್ಜಿಗೆ ನೀನೇ ಹೇಳ್ಬೇಕು, ನಾನು ಮಧ್ಯ ಬರಲ್ಲ. ಹೇಳಿದ್ಯಾ?"

"ಹ್ಞೂಂ."

ಸಂಜೆ

ಹೋದೆ, ವಿದ್ಯೆಯ ದೇವರ ಗುಡಿಗೆ. ಕಲ್ಲಿನ ಎತ್ತು ಮಲಗಿದೆ. ಅದರ ತಲೆ ಸವರಿದರೆ ನಮ್ಮ ತಲೆ ಚುರುಕಾಗುತ್ತದಂತೆ. ಎಲ್ಲರೂ ಸವರಿ ಸವರಿ ಹಣೆ ಕನ್ನಡಿಯಾಗಿದೆ. ನಾನು ಸವರಲಿಲ್ಲ. ಈಗೇನು ಪ್ರಯೋಜನ.

ತಾಯಿತ ವಾಪಸ್ ಕೊಡಬೇಕಿತ್ತು, ಅಜ್ಜಿ ಕೊಟ್ಟಿದ್ದು, ವರ್ಷವಿಡೀ ಬ್ಯಾಗಿಗೆ ಕಟ್ಟಿಕೊಂಡಿದ್ದು. ಹಳೆಯ ತಾಯಿತ ಹಾಕುವ ಪೆಟ್ಟಿಗೆ ಕೌಂಟರಿನ ಪಕ್ಕದಲ್ಲೇ ಇತ್ತು. ಕೌಂಟರಿನಲ್ಲಿ ಕೆಂಪು ಲಂಗದ ಹುಡುಗಿ, ನನ್ನದೇ ವಯಸ್ಸು.

"ಪರೀಕ್ಷೆ ತಾಯಿತಾನಾ? ಪಾಸಾಯ್ತಾ?"

"ಆಯ್ತು."

"ವಾವ್! ಯಾವ ಕಾಲೇಜು?"

ಹೇಳಿದೆ. ಪಕ್ಕದಲ್ಲಿದ್ದ ಗೆಳತಿಗೆ ಮೊಣಕೈಯಲ್ಲಿ ತಿವಿದಳು. "ಕೇಳಿದ್ಯೇನೇ? ನಾನು ಅಲ್ಲೇ ಎರಡು ಸಲ ಡುಮ್ಕಿ ಹೊಡ್ದೆ, ದಿನಾ ಇದೇ ದೇವರ ಅಂಗಳ ಗುಡಿಸ್ತಾ ಇದ್ರೂ!" ಇಬ್ಬರೂ ನಕ್ಕರು. "ಥ್ಯಾಂಕ್ಸ್ ಹಲಗೆ ಬರೀರಿ. ಪಾಸಾದವರೆಲ್ಲ ಬರೀತಾರೆ."

ಅವಳು ಫೇಲಾದದ್ದನ್ನು ನಗುತ್ತ ಹೇಳಿದಳು, ಅಷ್ಟು ಜನರ ಎದುರು. ನಾನು ಹಲಗೆ ಕೊಂಡೆ, ದೇವರಿಗೆ ಬರೆದು ಗುಡಿಯಲ್ಲೇ ಕಟ್ಟುವ ಅಂಗೈಯಗಲದ ಮರದ ತುಂಡು. ಬೇಡ ಅನ್ನುವುದು ಹೇಗೆ? ಬರೆದೆ: "ಬೇಡಿದ್ದು ನೆರವೇರಿತು. ಕೃತಜ್ಞತೆಗಳು. ಹೊನೊಕ." ಕೈಬರಹ ಎಂದಿಗಿಂತ ಚೆನ್ನಾಗಿ ಬಂತು. ಕಟ್ಟಿದೆ. ಸೆಲ್ಫಿ ತೆಗೆದು ಅಜ್ಜಿಗೆ ಕಳಿಸಿದೆ.

ಅಜ್ಜಿಯ ಉತ್ತರ: "ಊಟ ಮಾಡಿದ್ಯಾ?"

ಹಲಗೆಯ ಬಗ್ಗೆ ಒಂದು ಮಾತಿಲ್ಲ. ಅಕ್ಷರ ಕಾಣಿಸಲಿಲ್ಲವೇನೋ.

ಏಪ್ರಿಲ್ 30

ಬರೆಯಲು ಕೈ ಬರುತ್ತಿಲ್ಲ. ಆದರೂ.

ಆ ಹಲಗೆ ಅಲ್ಲಿರಬಾರದು ಅನ್ನಿಸಿ ಬೆಳಿಗ್ಗೆ ವಾಪಸ್ ಹೋದೆ. ಅಜ್ಜಿಗೆ ಹೇಳಿದ ಸುಳ್ಳು ಒಂದು ಥರ. ಇದು ಹೆಸರು ಬರೆದು ನೇತುಹಾಕಿದ ಸುಳ್ಳು. ಸುತ್ತ ನಿಜವಾದವರ ಹಲಗೆಗಳು. "ತಮ್ಮನೂ ಪಾಸಾಗಲಿ." "ಕೊನೇ ಸಲ, ಪ್ಲೀಸ್." ನನ್ನದನ್ನು ಹುಡುಕಿ ಗಂಟು ಬಿಚ್ಚಿದೆ.

"ಏಯ್! ಏಯ್! ಮುಟ್ಬಾರ್ದಮ್ಮ ಅದನ್ನ!"

ಅರ್ಚಕ, ಕೈಯಲ್ಲಿ ಪೊರಕೆ. ಓಡಿ ಬಂದ. ಸ್ಕೂಲ್ ಟ್ರಿಪ್ಪಿನ ಹುಡುಗರ ಹಿಂಡು ತಿರುಗಿ ನೋಡಿತು.

ಇದು ನನ್ನದೇ ಅಂತ ಹೇಳಬಹುದಿತ್ತು. ಹಾಗಾದರೆ ಯಾಕೆ ಬಿಚ್ಚುತ್ತಿದ್ದೀಯ ಅಂತ ಕೇಳುತ್ತಿದ್ದ. ಬಾಯಿಂದ ಏನು ಬಂತು ಅಂದರೆ —

"ಸಾರಿ... ಐ ಡೋಂಟ್ ಅಂಡರ್‌ಸ್ಟ್ಯಾಂಡ್."

ಅರ್ಚಕನ ಮುಖ ತಕ್ಷಣ ಮೆತ್ತಗಾಯಿತು. ಅದನ್ನು ನೋಡಲಾಗಲಿಲ್ಲ ನನಗೆ.

ಒಬ್ಬ ಹುಡುಗ ತಮ್ಮ ಮೇಷ್ಟ್ರ ಕಡೆ ತಿರುಗಿ, "ಸರ್, ಕದಿಯೋಕೆ ಬಂದಿದ್ಲು. ನಾನೇ ನೋಡ್ದೆ" ಅಂದ.

"ಬಾಯ್ಮುಚ್ಚೋ. ಪಾಪ, ಬೇರೆ ದೇಶದವಳು. ಅಂಗಡಿ ಸಾಮಾನು ಅಂದ್ಕೊಂಡಿರ್ತಾಳೆ, ಅವಳಿಗೇನು ಗೊತ್ತು?"

"ಹಾಗಾದ್ರೆ ಪರ್ಸಲ್ಲಿ ದುಡ್ಡು ತೆಗೀಬೇಕಿತ್ತಲ್ಲ ಸರ್?"

ಒಂದೊಂದು ಮಾತೂ ಅರ್ಥವಾಗುತ್ತಿತ್ತು. ಅರ್ಥವಾಗದವಳ ಮುಖ ಹೊತ್ತು ನಿಂತಿದ್ದೆ. ಅರ್ಚಕ ಹಲಗೆ ಇಸಿದುಕೊಂಡು ಓದಿದ. ನನಗೆ ತಿಳಿಯಲಿ ಅಂತ ನಿಧಾನವಾಗಿ, ಕೈಸನ್ನೆ ಮಾಡುತ್ತ ಹೇಳಿದ. "ಹೊನೊಕ. ಗರ್ಲ್. ಎಕ್ಸಾಮ್ ಪಾಸ್! ವೆರಿ ಹ್ಯಾಪಿ! ಇದು ಅವಳ ಸಂತೋಷ. ನೀನು ತಗೊಂಡು ಹೋದ್ರೆ ಅವಳಿಗೆ ಬೇಜಾರಾಗಲ್ವಾ? ಅಲ್ವಾ?" ಎದೆಯ ಮೇಲೆ ಕೈಯಿಟ್ಟು ಬೇಜಾರಿನ ಮುಖ ಮಾಡಿ ತೋರಿಸಿದ.

ಆಮೇಲೆ ಹಲಗೆಯನ್ನು ಮೇಲಿನ ಸಾಲಿನಲ್ಲಿ ಕಟ್ಟಿದ. ನನ್ನ ಕೈಗೆ ಎಟುಕದಷ್ಟು ಮೇಲೆ.

ಬಾಗಿ ನಮಸ್ಕರಿಸಿ ಬಂದೆ. ಸೊಂಟದಿಂದ, ಬೆನ್ನು ನೆಟ್ಟಗಿಟ್ಟು, ನಮ್ಮವರು ಬಾಗುವ ಹಾಗೇ ಬಾಗಿದೆ. ಆಗಲಾದರೂ ಅವನಿಗೆ ಗೊತ್ತಾಗಿರಬೇಕು.

ತಾಯಿತ ಇನ್ನೂ ಬ್ಯಾಗಿನಲ್ಲೇ ಇದೆ.

ಮೇ 3, ನಾರಾದಿಂದ ವಾಪಸ್ ಬರುವ ರೈಲು

ನಡುವೆ ಏನೂ ಬರೆದಿಲ್ಲ. ಓಸಾಕದ ರೂಮಿಗೆ ಹೋಗಿ ಮಲಗಿದ್ದೆ. ನಾರಾ ಬಿಟ್ಟುಬಿಡೋಣ, ಹೋಗಿ ಬಂದೆ ಅಂದರಾಯಿತು ಅಂದುಕೊಂಡೆ. ಇನ್ನೊಂದು ಸುಳ್ಳು ತಾನೇ. ಆದರೆ ಬೆಳಿಗ್ಗೆ ಎದ್ದಾಗ ಅರ್ಚಕನ ಆ ಬೇಜಾರಿನ ಮುಖ ನೆನಪಾಯಿತು. ಹೊರಟೆ.

ಮಂಜುಶ್ರೀ ಸಿಂಹದ ಮೇಲೆ ಕೂತಿದ್ದಾನೆ, ಎತ್ತರದಲ್ಲಿ. ಬಾಗಿದೆ, ಚಪ್ಪಾಳೆ ತಟ್ಟಿದೆ. ತಟ್ಟಿದ ಮೇಲೆ ನೆನಪಾಯಿತು, ಚಪ್ಪಾಳೆ ಗುಡಿಯಲ್ಲಿ. ಬುದ್ಧನ ಮಂದಿರದಲ್ಲಿ ಕೈ ಮುಗಿಯುವುದಷ್ಟೇ. ಸದ್ದು ಇಡೀ ಹಜಾರದಲ್ಲಿ ಸುತ್ತಿತು. ಹಿಂದಿನಿಂದ ಯಾರೋ "ಫಾರಿನ್ನವಳು ಬಿಡು" ಅಂದರು. ಕೋಬೆಯ ಶಾಲೆಯಲ್ಲಿ ಕ್ರಿಸ್‌ಮಸ್ ಹಾಡು ಕಲಿಸಿದರು, ಇದನ್ನು ಕಲಿಸಲಿಲ್ಲ. ದೇವರಿಗೆ ಏನೂ ಹೇಳದೆ ಹೊರಗೆ ಬಂದೆ.

ಟಿಕೆಟ್ಟಿನ ಜೊತೆ ಚಹಾ ಕೊಡುತ್ತಾರೆ ಅಲ್ಲಿ. ಹಸಿರು ಪುಡಿ ಕಡೆದ ಚಹಾ, ಒಂದು ಸಕ್ಕರೆ ಮಿಠಾಯಿ. ಚಹಾ ಕೊಡುವ ಹೆಂಗಸು ಬಟ್ಟಲು ಇಟ್ಟು "ಹಾಟ್! ಹಾಟ್!" ಅಂತ ಬೆರಳು ಊದಿ ತೋರಿಸಿದಳು.

ಈ ಸಲ ತಪ್ಪು ಮಾಡಲಿಲ್ಲ. ನಮ್ಮ ಭಾಷೆಯಲ್ಲೇ "ಗೊತ್ತಾಯ್ತು, ಥ್ಯಾಂಕ್ಸ್" ಅಂದೆ.

"ಅಯ್ಯೋ ನಿನ್ನ! ಮೊದ್ಲೇ ಹೇಳ್ಬಾರ್ದಾ? ನನ್ನ ಇಂಗ್ಲಿಷ್ ಎಲ್ಲ ಖರ್ಚಾಗೋಯ್ತು. ಯಾವೂರಮ್ಮ?"

"ಅಜ್ಜಿ ಮನೆ ಉಜಿ. ಅಜ್ಜಿ ಕಳಿಸಿದ್ದು."

"ಉಜಿನಾ! ಚಹಾದ ಊರವರು ಬಂದ್ರೆ ನನಗೆ ಕೈ ನಡುಗುತ್ತೆ. ಹೋದ ವರ್ಷ ಎಲೆ ಕೆಂಪಾಗೋ ಟೈಮಲ್ಲಿ ಒಬ್ಬರು ಅಜ್ಜಿ ಬಂದಿದ್ರು, ಉಜಿಯವರೇ. ಬಟ್ಟಲು ತಗೊಂಡು ಮೂಗಿನ ಹತ್ರ ಹಿಡ್ಕೊಂಡ್ರು. ಹಿಡ್ಕೊಂಡೇ ಇದ್ರು. ಕಣ್ಣು ಮುಚ್ಕೊಂಡು. ಆಮೇಲೆ ಹಾಗೇ ವಾಪಸ್ ಇಟ್ಬಿಟ್ರು! 'ಏನಮ್ಮಾ, ಚೆನ್ನಾಗಿಲ್ವಾ?' ಅಂದೆ. ನನಗೆ ಅಳೋದೊಂದು ಬಾಕಿ."

"ಆಮೇಲೆ?"

"ಹರಕೆಯಂತೆ. ಮೊಮ್ಮಗಳು ಪರೀಕ್ಷೆ ಪಾಸಾಗೋವರೆಗೂ ಚಹಾ ಒಂದು ಗುಟುಕೂ ಮುಟ್ಟಲ್ಲ ಅಂತ ಮಂಜುಶ್ರೀ ಮುಂದೆ ಮಾತು ಕೊಟ್ಟಿದ್ದಾರಂತೆ. ಇಷ್ಟವಾದದ್ದು ಒಂದನ್ನ ಬಿಡೋದು, ಹಳೇ ಕಾಲದ ಹರಕೆ ಅದು. ಈಗ ಯಾರು ಮಾಡ್ತಾರೆ? ನಮ್ಮ ಯಜಮಾನ್ರು ಮಗನಿಗೋಸ್ಕರ ಬಿಯರ್ ಬಿಡ್ತೀನಿ ಅಂದ್ರು, ಶನಿವಾರದವರೆಗೂ ತಡೀಲಿಲ್ಲ." ಅವಳೇ ನಕ್ಕಳು. "ಆ ಅಜ್ಜಿ ಮಿಠಾಯಿನೂ ತಿನ್ನಲಿಲ್ಲ. ಮೊಮ್ಮಗಳಿಗೆ ಅಂತ ಕರವಸ್ತ್ರದಲ್ಲಿ ಕಟ್ಕೊಂಡ್ರು. ಕೋಲಿನ ಹಿಡಿಗೆ ಸ್ಕೂಲ್ ಮಕ್ಕಳ ಟೈ ಸುತ್ತಿದ್ರು, ನೀಲಿ-ಹಳದಿ ಪಟ್ಟೆಯದ್ದು. ಅದಕ್ಕೇ ನೆನಪಿದೆ."

ನನ್ನ ಟೈ. ಕೈ ಜಾರುತ್ತದೆ ಅಂತ ನಾನೇ ಸುತ್ತಿಕೊಟ್ಟದ್ದು. ಆ ಮಿಠಾಯಿ ಆಗ ಕೋಬೆಯ ಶಾಲೆಗೆ ಪಾರ್ಸೆಲ್‌ನಲ್ಲಿ ಬಂದಿತ್ತು, ಅಂಚು ಒಡೆದಿತ್ತು. ಒಡೆದದ್ದು ಯಾಕೆ ಕಳಿಸ್ತಾಳೋ ಅಂದುಕೊಂಡು ತಿಂದಿದ್ದೆ.

"ನಮ್ಮಜ್ಜಿ" ಅಂದೆ.

"ಹೌದಾ! ಮತ್ತೆ ನೀನು ಬಂದಿದ್ದೀಯ ಅಂದ್ರೆ, ಪಾಸಾಯ್ತಲ್ಲ? ಹಾಗಾದ್ರೆ ಅಜ್ಜಿ ಈಗ ಕುಡೀತಿರ್ತಾರೆ ಬಿಡು! ಹೊಸ ಚಹಾ ಬೇರೆ. ನೀನೂ ಕುಡಿಯಮ್ಮ, ಆರೋಗುತ್ತೆ."

ಕುಡಿದೆ. ಅಷ್ಟು ಕಹಿಯನ್ನು ಅಜ್ಜಿ ಅಷ್ಟು ಇಷ್ಟಪಡುತ್ತಾಳೆ.

ಹೊಸ ವರ್ಷಕ್ಕೆ ಹೋದಾಗ ಅಜ್ಜಿ ಬರೀ ಬಿಸಿನೀರು ಕುಡಿಯುತ್ತಿದ್ದಳು. ಬೆಳಿಗ್ಗೆ ಬಿಸಿನೀರು, ಊಟದ ಮೇಲೆ ಬಿಸಿನೀರು. ಹುಡುಗಿಯಾಗಿದ್ದಾಗಿನಿಂದ ಚಹಾ ತೋಟದಲ್ಲಿ ಎಲೆ ಕಿತ್ತವಳು. ನಾನು ಕೇಳಿದ್ದೂ ಒಂದೇ ಮಾತು: "ಹೊಟ್ಟೆ ಸರಿಯಿಲ್ವಾ ಅಜ್ಜಿ?" "ಹ್ಞೂಂ, ಹಾಗೇ ಅಂದ್ಕೋ." ತಿರುಗಿ ಫೋನ್ ನೋಡುತ್ತ ಕೂತೆ.

ಮತ್ತೆ ಒಳಗೆ ಹೋದೆ. ಚಪ್ಪಾಳೆ ತಟ್ಟದೆ ಕೈ ಮುಗಿದೆ. ಮಂಜುಶ್ರೀಗೆ ಹೇಳಿದೆ, ತುಟಿ ಅಲ್ಲಾಡಿಸಿ, ಸದ್ದಿಲ್ಲದೆ. ಫೇಲಾದೆ. ಸುಳ್ಳು ಹೇಳಿದೆ. ಅಜ್ಜಿ ನಂಬಿದಳು. ನಂಬಿ ಮಾರ್ಚಿನಿಂದ ಚಹಾ ಕುಡಿಯುತ್ತಿದ್ದಾಳೆ. ಅವಳು ಕೊಟ್ಟ ಮಾತನ್ನು ಅವಳಿಗೇ ಗೊತ್ತಿಲ್ಲದ ಹಾಗೆ ನಾನು ಮುರಿಸಿದೆ. ತಪ್ಪು ನನ್ನ ಲೆಕ್ಕಕ್ಕೆ ಹಾಕು.

ಸಿಂಹ ಬಾಯಿ ತೆರೆದುಕೊಂಡೇ ಇತ್ತು.

ಮೇ 4

ಕನ್ನಡಿಯ ಮುಂದೆ ಅಭ್ಯಾಸ. "ಅಜ್ಜಿ, ಒಂದು ವಿಷಯ..." ಬೇಡ. "ಅಜ್ಜಿ, ಬೈಬೇಡ." ಅದೂ ಬೇಡ, ಬೈದರೆ ಒಳ್ಳೆಯದೇ. "ಅಜ್ಜಿ, ಚಹಾ ಕುಡೀಬೇಡ." ಹುಚ್ಚಿಯ ಹಾಗೆ.

ಇಂಗ್ಲಿಷಿನಲ್ಲಿ ಹೇಳಿ ನೋಡಿದೆ. ಸಲೀಸಾಗಿ ಬಂತು. ಅದಕ್ಕೇ ನಂಬಿಕೆ ಬರಲಿಲ್ಲ.

ಹೊಸ ಚಹಾದ ಮೊದಲ ಗುಟುಕಿಗೆ ಮುಂಚೆ ಹೇಳಬೇಕು. ಅಷ್ಟೇ.

ಮೇ 5, ಉಜಿ. ಅಜ್ಜಿ ಮನೆ, ಮಹಡಿ

ಸ್ಟೇಷನ್‌ನಿಂದಲೇ ವಾಸನೆ. ಊರಿಡೀ ಎಲೆ ಬೇಯಿಸುತ್ತಿದ್ದಾರೆ. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಕೋಲು, ಟೈ.

"ಬಂದ್ಯಾ? ಏನೇ ಹೀಗೆ ಸೊರಗಿದ್ದೀಯ? ಆ ಕಾಲೇಜಿನಲ್ಲಿ ಊಟ ಹಾಕ್ತಾರೋ ಗಾಳಿ ಹಾಕ್ತಾರೋ?"

ಚಪ್ಪಲಿ ಬಿಡುವಾಗಲೇ ಹೇಳಬೇಕೆಂದಿದ್ದೆ. ಆಗಲಿಲ್ಲ. ತಾತನ ಫೋಟೊಗೆ ಊದುಬತ್ತಿ ಹಚ್ಚುವಾಗ ಹೇಳಬೇಕೆಂದಿದ್ದೆ. ಆಗಲೂ ಇಲ್ಲ. ಅಜ್ಜಿ ಹೊಸ ಚಹಾದ ಪೊಟ್ಟಣ ಕತ್ತರಿಸಿದಳು, ಮೂಗಿಗೆ ಹಿಡಿದಳು, ಕಣ್ಣು ಮುಚ್ಚಿದಳು. ನಾರಾದ ಹೆಂಗಸು ಹೇಳಿದ ಹಾಗೇ.

"ಎರಡೂ ಕಡೆ ಹೋದ್ಯಾ?"

"ಹೋದೆ."

"ಹೇಳಿದ್ಯಾ?"

"ನಾರಾದಲ್ಲಿ ಹೇಳಿದೆ."

"ಕ್ಯೋಟೋದಲ್ಲಿ?"

ಖಾಲಿ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡೆ. ಅಜ್ಜಿ ನೀರು ಆರಿಸುತ್ತಿದ್ದಳು. ಹೊಸ ಎಲೆಗೆ ಕುದಿಯುವ ನೀರು ಹಾಕಬಾರದು, ಕಾಯಬೇಕು. ಕಾದಳು. ಕೆಟಲ್‌ನಿಂದ ಎಲೆಯ ಪಾತ್ರೆಗೆ, ಎಲೆಯ ಪಾತ್ರೆಯಿಂದ ನನ್ನ ಬಟ್ಟಲಿಗೆ. ಕೊನೆಯ ಹನಿಯವರೆಗೂ ಬಸಿದಳು, ಅದರಲ್ಲೇ ರುಚಿ ಇರುವುದು ಅನ್ನುತ್ತಾಳೆ ಯಾವಾಗಲೂ. ನನ್ನೊಬ್ಬಳಿಗೇ.

"ಅಜ್ಜಿ, ಕುಡಿಯೋಕೆ ಮುಂಚೆ, ನಾನು..."

"ಮೊದ್ಲು ಕುಡಿ. ಆರಿದ್ರೆ ಎಲೆಗೆ ಅವಮಾನ."

ತನ್ನ ಬಟ್ಟಲಿಗೆ ಬಗ್ಗಿಸಿಕೊಂಡಳು. ಎಲೆಯ ಪಾತ್ರೆಯಿಂದಲ್ಲ. ಕೆಟಲ್‌ನಿಂದ. ಬಣ್ಣವಿಲ್ಲ. ತಳದಲ್ಲಿ ಬರೆದ ನೀಲಿ ಹೂವು ಸ್ಪಷ್ಟವಾಗಿ ಕಾಣುತ್ತಿತ್ತು.

ಬಿಸಿನೀರು. ಇನ್ನೂ ಬಿಸಿನೀರೇ.

ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಕುಡಿದಳು. ನನ್ನ ಕಡೆ ನೋಡಲಿಲ್ಲ. "ಚೆನ್ನಾಗಿದೆಯಾ?" ಅಂದಳು. ನನ್ನ ಚಹಾ. ಹ್ಞೂಂ ಅಂದೆ. ಬಾಯಿ ಒರೆಸಿಕೊಂಡು, ಬ್ಯಾಗ್ ಇಟ್ಟು ಬರ್ತೀನಿ ಅಂತ ಮಹಡಿ ಹತ್ತಿದೆ. ಬ್ಯಾಗ್ ಇಟ್ಟಾಯಿತು. ತಾಯಿತ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದೇನೆ, ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದೇನೆ.

ಅಜ್ಜಿ ಹರಕೆ ಬಿಟ್ಟಿಲ್ಲ. ಅಂದರೆ ಮಾರ್ಚಿನಿಂದಲೂ, ಆ "ಆಯ್ತು" ಅಂದ ದಿನದಿಂದಲೂ ಅವಳಿಗೆ ಗೊತ್ತಿತ್ತು.

ಕೆಳಗಿಂದ ಕರೆಯುತ್ತಿದ್ದಾಳೆ. "ಹೊನೊ, ಅದೇ ಎಲೆಗೆ ಇನ್ನೊಂದು ಸಲ ನೀರು ಹಾಕ್ಲಾ? ಬಾರೇ, ನಾನೆಲ್ಲೂ ಹೋಗಲ್ಲ, ನಿಧಾನಕ್ಕೆ ಬಾ."

ಇಳಿಯುತ್ತೇನೆ. ಮೊದಲ ಮಾತು ಗೊತ್ತಾಗಿದೆ. ಅಜ್ಜಿ, ನಾನು ಫೇ—