ಹತ್ತಕ್ಕೆ ಆರು

ಮನೆಯಿಂದ,
ಜೂನ್ ೧೨, ಗುರುವಾರ ಮಧ್ಯಾಹ್ನ

ನಮ್ಮವರೇ,

ಸೊಂಟದ ನೋವು ಹೇಗಿದೆ? ಕ್ರೇನಿನ ಸೀಟಿಗೆ ದಿಂಬು ಇಟ್ಟುಕೊಳ್ಳಿ ಎಂದು ಬರೆದಿದ್ದೆ. ಇಟ್ಟುಕೊಂಡಿರುವುದಿಲ್ಲ, ನನಗೆ ಗೊತ್ತು. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವ ಹಾಗಿಲ್ಲ. ನಿಮ್ಮ ಮಗಳು (ಹಟ ಹಿಡಿದಾಗ ಅವಳು ನಿಮ್ಮ ಮಗಳೇ) ನಾಲ್ಕು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ತಪ್ಪು ನನ್ನದು.

ಭಾನುವಾರ ನಾನು ತಿದ್ದುತ್ತಿದ್ದ ಪ್ರಬಂಧಗಳ ನಡುವೆ ಎರಡು ಹಾಳೆ ಇಟ್ಟು ಹೋಗಿದ್ದಳು. ಎಂಜಿನಿಯರಿಂಗ್ ಬೇಡ, ಮರಗೆಲಸದ ಶಾಲೆ ಸೇರುತ್ತೇನೆ, ಪಕ್ಕದ ಬೀದಿಯ ಬಡಗಿಯ ಹತ್ತಿರ ಒಂದು ವರ್ಷದಿಂದ ಕಲಿಯುತ್ತಿದ್ದೇನೆ ಎಂದೆಲ್ಲ ಬರೆದು, ಕೊನೆಗೆ ‘ಅಮ್ಮಾ, ನೀನು ಒಪ್ತೀಯಾ?’ ಎಂದು ಕೇಳಿದ್ದಳು. ನನ್ನ ಕೈಯಲ್ಲಿ ಕೆಂಪು ಪೆನ್ನು. ಇಪ್ಪತ್ತೆರಡು ವರ್ಷದ ಅಭ್ಯಾಸ, ಕೈ ತಾನಾಗಿ ಓಡಿತು. ಏನು ಬರೆದಿದೆ ಎಂದು ಗಮನಿಸದೆಯೇ ಎರಡು ಕಡೆ ಗೆರೆ ಎಳೆದು, ‘ಅಕ್ಷರ ದುಂಡಗಿರಲಿ’ ಎಂದು ಬರೆದು, ಹತ್ತಕ್ಕೆ ಆರು ಕೊಟ್ಟೆ. ಹೆತ್ತ ಮಗಳ ಅಕ್ಷರ ನನಗೆ ಗುರುತು ಸಿಗಲಿಲ್ಲ. ಸಿಗುವಷ್ಟರಲ್ಲಿ ಅವಳು ಬಾಗಿಲಲ್ಲಿ ನಿಂತಿದ್ದಳು.

ಪ್ರತಿ ವರ್ಷ ‘ನಾನು ಮುಂದೆ ಏನಾಗಬೇಕು’ ಎಂದು ಮಕ್ಕಳಿಂದ ಬರೆಸುತ್ತೇನೆ. ಒಂದನ್ನಾದರೂ ಆಸೆ ಎಂದು ಓದಿದ್ದೇನೆಯೇ? ವಿದ್ಯೆ ಎಂದರೆ ಆಸೆಯನ್ನು ತಿದ್ದುವುದೋ, ಅದಕ್ಕೆ ಕೈಕಾಲು ಕೊಡುವುದೋ? ನೀವು ಬಿಸಿಲಲ್ಲಿ ಬೆಂದವರು, ‘ನನ್ನ ಮಗಳು ನೆರಳಲ್ಲಿ ಕೂತು ಉಣ್ಣಲಿ’ ಅನ್ನುತ್ತೀರಿ. ಅದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ನಿನ್ನೆ ಆ ಬಡಗಿಯ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತಿದ್ದೆ. ಒಳಗೆ ಕೆಲಸದಲ್ಲಿದ್ದ ಅವಳಿಗೆ ಗೊತ್ತೇ ಆಗಲಿಲ್ಲ. ಕುರ್ಚಿಯ ಕಾಲನ್ನು ಉಜ್ಜುವುದು, ಬೆರಳಾಡಿಸುವುದು, ಮತ್ತೆ ಉಜ್ಜುವುದು. ‘ಸಮ ಆಗೋವರೆಗೂ ಬಿಡಲ್ಲ ಟೀಚರ್, ಇದನ್ನ ನಾನು ಕಲಿಸಿದ್ದಲ್ಲ’ ಎಂದ ಬಡಗಿ. ಹೆಮ್ಮೆಯಾಯಿತು. ಹೊಟ್ಟೆಕಿಚ್ಚೂ ಆಯಿತು, ನಿಮ್ಮ ಹತ್ತಿರ ಮುಚ್ಚುಮರೆ ಏಕೆ.

ಸಂಜೆ ಅವಳಿಗೆ ವಿದ್ಯೆ, ಬದುಕು, ನಿಮ್ಮ ಬಿಸಿಲು ಎಲ್ಲ ಸೇರಿಸಿ ನಾಲ್ಕು ಪುಟ ಬರೆದುಕೊಟ್ಟೆ. ಬೆಳಿಗ್ಗೆ ಅದು ನನ್ನ ಮೇಜಿಗೆ ವಾಪಸ್ಸು ಬಂದಿತ್ತು, ಕೆಳಗೆ ಕೆಂಪು ಶಾಯಿಯಲ್ಲಿ: ‘ಕೇಳಿದ ಪ್ರಶ್ನೆಗೆ ಉತ್ತರ ಬಂದಿಲ್ಲ. ಮತ್ತೆ ಬರೆಯಿರಿ.’ ನಾನೇ ದಿನಾ ಬರೆಯುವ ಮಾತು. ನಗು ಬಂತು, ಹಿಂದೆಯೇ ಅಳು ಬಂತು.

ಇವತ್ತು ಐದು ಗಂಟೆಯೊಳಗೆ ಕಾಲೇಜಿಗೆ ಹೋಗಿ ಒಪ್ಪಿಗೆ ಕೊಡದಿದ್ದರೆ ಎಂಜಿನಿಯರಿಂಗ್ ಸೀಟು ಕೈತಪ್ಪುತ್ತದೆ. ಈಗ ಮೂರೂವರೆ. ನಿಮ್ಮ ಫೋನ್ ಬೆಳಗಿನಿಂದ ಸಿಗುತ್ತಿಲ್ಲ. ಹೋಗಲೋ ಬೇಡವೋ ಎಂದು ಚಪ್ಪಲಿ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ನನ್ನ ಮೇಲೆ ಸಿಟ್ಟು ಬಂದರೂ ಊಟ ಬಿಡಬೇಡಿ.

ನಿಮ್ಮ,
ಟೀಚರಮ್ಮ

ಮತ್ತೆ ಬರೆದದ್ದು: ಐದು ಹೊಡೆಯಿತು. ನಾನು ಹೋಗಲಿಲ್ಲ. ಅವಳ ಪ್ರಶ್ನೆಯ ಕೆಳಗೆ ‘ಹೂಂ’ ಎಂದು ಬರೆದು ಮರಗೆಲಸದ ಶಾಲೆಯ ಅರ್ಜಿಗೆ ಸಹಿ ಹಾಕಿದ್ದೇನೆ. ಅಪ್ಪನ ಸಹಿಯೂ ಬೇಕಂತೆ, ಹದಿನೈದು ದಿನ ಕಾಯುತ್ತಾರೆ. ಅರ್ಜಿಯ ಜೊತೆ ಅವಳ ಆ ಎರಡು ಹಾಳೆಯನ್ನೂ ಇಟ್ಟಿದ್ದೇನೆ. ಮೊದಲು ಅದನ್ನು ಓದಿ. ಪೆನ್ನು ಕೆಳಗಿಟ್ಟು ಓದಿ.